ಕಂಠಮಟ್ಟದ ನೀರು

ಜನವರಿ ೧೨

ಮಗಳಿಗೆ,

ಕೊಲ್ಲಿಯ ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸುವ ಲಾಂಚಿನ ಒಡತಿ ನಾನು. ನಿನ್ನ ಅಪ್ಪ ಹೋದಾಗ ಅದನ್ನು ಮಾರಿಬಿಡಿ ಎಂದು ಬುದ್ಧಿ ಹೇಳಿದವರು ಇವತ್ತು ಅದೇ ಲಾಂಚಿನಲ್ಲಿ ಓಡಾಡುತ್ತಾರೆ, ನಾನು ಬಂದರೆ ಎದ್ದು ಜಾಗ ಬಿಡುತ್ತಾರೆ. ಲಾಂಚು ಮಾಲೀಕರ ಸಂಘದ ಸಭೆಯಲ್ಲಿ ನಾನು ಬಂದು ಕೂರುವವರೆಗೆ ಯಾರೂ ಚಹಾದ ಲೋಟ ಮುಟ್ಟುವುದಿಲ್ಲ. ಓದಿದ್ದು ಹೈಸ್ಕೂಲಿನವರೆಗಾದರೂ ಬಂದರು ಕಚೇರಿಯ ಒಂದು ಕಾಗದವನ್ನೂ ಇನ್ನೊಬ್ಬರಿಂದ ಓದಿಸಿಕೊಂಡವಳಲ್ಲ. ನಿನಗೆ ಇದೆಲ್ಲ ಗೊತ್ತಿರುವುದೇ. ಆದರೂ ಬರೆದೆ. ಈ ಪತ್ರವನ್ನು ಅಮ್ಮ ಬರೆಯುತ್ತಿಲ್ಲ, ಲಾಂಚಿನ ಒಡತಿ ಒಬ್ಬ ಹಡಗಿನ ಎಂಜಿನಿಯರಿಗೆ ಬರೆಯುತ್ತಿದ್ದಾಳೆ ಎಂಬುದು ಮೊದಲೇ ಸ್ಪಷ್ಟವಿರಲಿ. ಫೋನು ಮಾಡಬಹುದಿತ್ತು. ಮಾಡಿದರೆ ಇಬ್ಬರಲ್ಲಿ ಒಬ್ಬರು ನಡುವೆಯೇ ಇಟ್ಟುಬಿಡುತ್ತೇವೆ.

ವಿಷಯ ಇದು. ನಮ್ಮ ಎಂಜಿನ್ ನೀರು ಕಳೆಯುತ್ತಿದೆ. ಸಮುದ್ರದಿಂದ ಎಳೆದುಕೊಂಡು ಮತ್ತೆ ಸಮುದ್ರಕ್ಕೇ ಬಿಡುವ ನೀರಲ್ಲ. ಎಂಜಿನ್ನನ್ನು ತಣ್ಣಗಿಡಲು ಅದರ ಹೊಟ್ಟೆಯೊಳಗೇ ಸುತ್ತುವ ಸಿಹಿನೀರು. ಅದು ಒಳಗೇ ಇರಬೇಕಾದದ್ದು. ನಿನ್ನ ಅಪ್ಪನ ಕಾಲ ಮುಗಿದಾಗಿನಿಂದ ಎಂಜಿನ್ ಕೋಣೆಯ ಬೀಗವನ್ನು ಬೆಳಿಗ್ಗೆ ತೆಗೆಯುವುದೂ ಸಂಜೆ ಹಾಕುವುದೂ ನಾನೇ. ಟ್ಯಾಂಕಿನ ಮುಚ್ಚಳ ತೆಗೆದು ನನ್ನ ಕೈಯಿಂದ ಕಂಠದವರೆಗೆ ನೀರು ತುಂಬುತ್ತೇನೆ. ಬೆರಳಿಟ್ಟರೆ ತುಳುಕಬೇಕು. ಆಮೇಲೆ ಹಗ್ಗ ಬಿಚ್ಚುತ್ತಾರೆ. ಇದರಲ್ಲಿ ಒಂದು ದಿನವೂ ತಪ್ಪಿಲ್ಲ. ಆದರೆ ಈಚೆಗೆ ಪ್ರತಿ ಬೆಳಿಗ್ಗೆ ಮುಚ್ಚಳ ತೆಗೆದರೆ ನೀರು ನಾಲ್ಕು ಬೆರಳು ಕೆಳಗೆ ಇಳಿದಿರುತ್ತದೆ.

ಲಾಂಚು ನಡೆಸುವವನು ನಿನ್ನ ಸೋದರಮಾವ ತಾನೇ, ಅವನನ್ನೇ ಕೇಳಿದೆ.

“ಎಲ್ಲಿ ಹೋಗ್ತಿದೆ ನೀರು?”

“ಕಾಣಿಸ್ತಿಲ್ಲ, ಅಕ್ಕ.”

“ಕಾಣಿಸ್ದೇ ಹೋಗೋಕೆ ಅದೇನು ನಿನ್ನ ಸಂಬಳಾನಾ?”

“ಸಂಬಳ ಕಾಣಿಸ್ಕೊಂಡೇ ಹೋಗತ್ತೆ ಬಿಡು.”

ನನಗೆ ನಗು ಬರಲಿಲ್ಲ. ಮೇ ತಿಂಗಳ ಆರಂಭದಲ್ಲಿ ಬಂದರು ಕಚೇರಿಯ ತಪಾಸಣೆ. ನೀರು ಕಳೆಯುವ ಎಂಜಿನ್ನಿಗೆ ಅವರು ಪರವಾನಗಿ ಕೊಡುವುದಿಲ್ಲ, ಕೊಡಲೂಬಾರದು. ನಡುನೀರಿನಲ್ಲಿ ಕಾದು ನಿಂತರೆ ಮೇಲೆ ಕೂತಿರುವವರು ಮನುಷ್ಯರು. ನಿನ್ನ ಮಾವನಿಗೆ ವಯಸ್ಸಾಯಿತೋ, ಲಕ್ಷ್ಯ ತಪ್ಪಿತೋ ನನಗೆ ತಿಳಿಯಬೇಕು. ಎಲ್ಲಿ ಹುಡುಕಬೇಕು ಎಂಬುದನ್ನು ಬರೆದು ಕಳಿಸು. ಬೇರೆ ಏನೂ ಬರೆಯದಿದ್ದರೂ ನಡೆಯುತ್ತದೆ.

ಇಂತಿ,
ಲಾಂಚಿನ ಒಡತಿ

ಫೆಬ್ರವರಿ ೯

ಅಮ್ಮ,

ಲಾಂಚಿನ ಒಡತಿಯ ಪತ್ರ ನಮ್ಮ ಹಡಗಿನ ಹಿಂದೆ ಬಂದರಿನಿಂದ ಬಂದರಿಗೆ ಅಲೆದು ನಿನ್ನೆ ಸಿಕ್ಕಿತು. ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿ ಯಾರಿಗೆ ಏನಾಯಿತೋ ಎಂದು ನಿಂತಲ್ಲೇ ಒಡೆದೆ. ಓದಿದ ಮೇಲೆ, ಆದದ್ದು ಎಂಜಿನ್ನಿಗೆ ಮಾತ್ರ ಎಂದು ಗೊತ್ತಾಯಿತು. ಆದರೂ ಇನ್ನೊಂದು ಸಲ ಓದಿದೆ.

ನೀರು ಗಾಳಿಯಲ್ಲಿ ಮಾಯವಾಗುವುದಿಲ್ಲ. ಹೊರಗೆ ಸೋರಿದರೆ ಕೆಳಗೆ ಒದ್ದೆಯಾಗುತ್ತದೆ. ಎಂಜಿನ್ನಿನ ಕೆಳಗೆ ಕಾಗದ ಹಾಸಿ ನೋಡಿ. ಕೊಳವೆಗಳ ಪಟ್ಟಿಗಳನ್ನು ಒಂದೊಂದಾಗಿ ಬಿಗಿ ಮಾಡಿ. ಪಂಪಿನ ಹೊಟ್ಟೆಯಡಿ ಒಂದು ಸಣ್ಣ ತೂತು ಇದೆ, ಅದರ ಬಾಯಲ್ಲಿ ಉಪ್ಪಿನಂತೆ ಕರೆ ಕಟ್ಟಿದ್ದರೆ ಪಂಪು ಅಳುತ್ತಿದೆ ಎಂದರ್ಥ. ಮುಚ್ಚಳದ ರಬ್ಬರು ಬಿರುಕು ಬಿಟ್ಟಿದೆಯೇ ನೋಡಿ. ನೀರು ಎಣ್ಣೆಗೆ ಸೇರುತ್ತಿದ್ದರೆ ಅಳತೆ ಕಡ್ಡಿಯ ಮೇಲಿನ ಎಣ್ಣೆ ಹಾಲು ಬೆರೆತಂತೆ ಕಾಣುತ್ತದೆ. ಎಂಜಿನ್ನಿನೊಳಗೆ ಉರಿದುಹೋಗುತ್ತಿದ್ದರೆ ಹೊಗೆ ಬೆಳ್ಳಗಿರುತ್ತದೆ. ಕೊನೆಗೆ, ಸಮುದ್ರದ ನೀರೂ ಸಿಹಿನೀರೂ ಅಕ್ಕಪಕ್ಕ ಹರಿಯುವ ಆ ಹಿತ್ತಾಳೆಯ ಉರುಳೆ. ಅದರ ಒಳಗಿನ ನಳಿಗೆ ತೂತಾದರೆ ಸಿಹಿನೀರು ಸದ್ದಿಲ್ಲದೆ ಸಮುದ್ರಕ್ಕೆ ಹೋಗುತ್ತದೆ, ಯಾರಿಗೂ ಕಾಣುವುದಿಲ್ಲ. ಒಳಗೆ ಗಾಳಿ ಒತ್ತಿ, ಒತ್ತಡ ನಿಲ್ಲುತ್ತದೆಯೇ ನೋಡಬೇಕು.

ಇದೆಲ್ಲ ಮಾವನಿಗೆ ಗೊತ್ತು. ನನಗೆ ಕಲಿಸಿದವನೇ ಅವನು. ಎಂಜಿನ್ ಕೋಣೆಗೆ ಇಳಿದರೆ ಕಾಲು ಮುರಿಯುತ್ತೇನೆ ಎಂದು ನೀನು ಗದರುತ್ತಿದ್ದ ಕಾಲದಲ್ಲಿ.

ಒಂದು ಪ್ರಶ್ನೆ. ನೀರು ಇಳಿಯಲು ಶುರುವಾದಾಗ ಲಾಂಚಿನಲ್ಲಿ ಹೊಸದಾಗಿ ಬದಲಾದದ್ದು ಏನು? ಹೊಸ ಕೊಳವೆ, ಹೊಸ ಎಣ್ಣೆ, ಹೊಸ ಅಭ್ಯಾಸ, ಏನಾದರೂ ಸರಿ. ನೆನಪು ಮಾಡಿಕೊಂಡು ಬರಿ.

ನೀನು ಹೇಗಿದ್ದೀಯ ಎಂದು ಎಂಜಿನಿಯರ್ ಕೇಳುವಂತಿಲ್ಲ.

ಇಂತಿ,
ಮೂರನೇ ಎಂಜಿನಿಯರ್

ಫೆಬ್ರವರಿ ೨೬

ಮಗಳಿಗೆ,

ನೀನು ಬರೆದದ್ದೆಲ್ಲ ಮಾಡಿಸಿದೆ. ನಾನೇ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು ಮಾಡಿಸಿದೆ.

ಕಾಗದ ಹಾಸಿದೆವು. ಅದರಲ್ಲಿದ್ದ ಸುದ್ದಿ ಹಳಸಿತೇ ಹೊರತು ಒಂದು ಹನಿ ಬೀಳಲಿಲ್ಲ. ಪಟ್ಟಿಗಳನ್ನು ಬಿಗಿ ಮಾಡಿದ್ದಾಯಿತು. ಪಂಪಿನ ತೂತು ಒಣಗಿದೆ. ಮುಚ್ಚಳವನ್ನೇ ಹೊಸದು ತರಿಸಿದೆ. ಅಳತೆ ಕಡ್ಡಿಯನ್ನು ನನ್ನ ಬಿಳಿ ಕರವಸ್ತ್ರದಲ್ಲಿ ಒರೆಸಿ ನೋಡಿದೆ, ಎಣ್ಣೆ ಎಣ್ಣೆಯಾಗಿಯೇ ಇದೆ, ಕರವಸ್ತ್ರ ಹಾಳಾಯಿತು. ಹೊಗೆ ಎಂದಿನ ಹೊಗೆ. ಹಿತ್ತಾಳೆಯ ಉರುಳೆಗೆ ನಿನ್ನ ಮಾವ ಕೈಪಂಪಿನಿಂದ ಗಾಳಿ ಒತ್ತಿದ. ಊಟ ಮುಗಿಸಿ ಬಂದು ನೋಡಿದರೂ ಒತ್ತಡದ ಮುಳ್ಳು ಕದಲಿರಲಿಲ್ಲ.

“ಎಲ್ಲೂ ಸೋರ್ತಿಲ್ಲ ಅಕ್ಕ. ಎಂಜಿನ್ ಗಟ್ಟಿಯಾಗಿದೆ,” ಎಂದ.

“ಹಾಗಾದ್ರೆ ಕುಡಿಯೋರು ಯಾರು, ನೀನಾ?”

“ನನಗೆ ಚಹಾ ಸಾಕಪ್ಪ.”

“ಬಾಯಿಗೆ ಬಂದದ್ದು ಹೇಳ್ತೀಯಲ್ಲ, ಬೇಕಾದ್ದು ಹೇಳೋಕೆ ಬಾಯಿ ಇಲ್ವಾ ನಿಂಗೆ?”

ಎಂಜಿನ್ನನ್ನು ಒರೆಸತೊಡಗಿದ. ಆ ಮೌನವೇ ನನ್ನ ಮೈ ಉರಿಸುವುದು. ಏನೋ ಮುಚ್ಚಿಡುತ್ತಿದ್ದಾನೆ. ಹೆತ್ತವರು ಹೋದ ಮೇಲೆ ನನ್ನ ಕೈಯಲ್ಲಿ ಬೆಳೆದವನು, ಅವನ ಬೆನ್ನು ನೋಡಿದರೆ ನನಗೆ ತಿಳಿಯುತ್ತದೆ.

ಎಂಜಿನ್ ಗಟ್ಟಿ ಎಂದಾದರೆ ನಡೆಸುವವನ ಕೈಯಲ್ಲಿ ದೋಷ. ಕಾದಾಗ ಮುಚ್ಚಳ ಸಡಿಲಿಸುತ್ತಾನೋ, ಏನು ಮಾಡುತ್ತಾನೋ. ಸಂಘದ ಸಭೆಯಲ್ಲಿ ಎಲ್ಲರ ಎದುರು ಹೇಳಿದೆ: “ನೀರು ಕಳೀತಿರೋದು ಯಾರೇ ಆಗಿರ್ಲಿ, ತಪಾಸಣೆ ದಿನದಿಂದ ನನ್ನ ಎಂಜಿನ್ ಕೋಣೆಗೆ ಕಾಲಿಡೋ ಹಾಗಿಲ್ಲ.” ನಿನ್ನ ಮಾವ ಕೊನೆಯ ಸಾಲಿನಲ್ಲಿದ್ದ. ಎಲ್ಲರೂ ತಿರುಗಿ ಅವನನ್ನೇ ನೋಡಿದರು. “ಆಯ್ತಕ್ಕ,” ಎಂದ. ಒಂದು ಮಾತು ಜಗಳವಾಡಲಿಲ್ಲ. ಬೇರೆ ಚಾಲಕನನ್ನು ಗೊತ್ತು ಮಾಡಿದ್ದೇನೆ. ಹೊಳೆಯುವ ಬೂಟು ಹಾಕುತ್ತಾನೆ. ಎಂಜಿನ್ ಕೋಣೆಗೆ ಬೂಟಿನಲ್ಲಿ ಇಳಿಯುವವನ ಮೇಲೆ ನನಗೇನೂ ಒಲವಿಲ್ಲ, ಆದರೆ ಆಡಿದ್ದಾಯಿತು.

ನಿನ್ನ ಪ್ರಶ್ನೆಗೆ ಉತ್ತರ: ಬದಲಾದದ್ದು ಏನೂ ಇಲ್ಲ. ಮೊದಲು ನಾನು ನೀರು ತುಂಬಿಸಿ ಜೆಟ್ಟಿಗೆ ಇಳಿದು ಮನೆಗೆ ಬರುತ್ತಿದ್ದೆ. ಈಗ ಹಗ್ಗ ಬಿಚ್ಚುವವರೆಗೆ ಎಂಜಿನ್ ಕೋಣೆಯ ಬಾಗಿಲಲ್ಲೇ ನಿಂತಿದ್ದು, ಬೆಳಗಿನ ಮೊದಲ ಟ್ರಿಪ್ಪಿಗೆ ನಾನೂ ಆ ದಡದವರೆಗೆ ಹೋಗಿ ಬರುತ್ತೇನೆ. ಪಕ್ಕದ ಮೆಟ್ಟಿಲಿನಿಂದ ಒಂದು ಹೊಸ ಲಾಂಚು ಶುರುವಾಗಿದೆ, ಬಣ್ಣದ ಕುರ್ಚಿ, ಹಾಡು, ಎಲ್ಲ ಇದೆಯಂತೆ. ಮುಂದಿನ ಬೆಂಚಿನಲ್ಲಿ ನಾನು ಕೂತಿದ್ದರೆ, ನನ್ನ ಮುಖ ನೋಡಿಕೊಂಡು ಆ ಕಡೆ ಹೋಗುವ ಧೈರ್ಯ ಯಾರಿಗಿದೆ? ಇದನ್ನು ಬದಲಾವಣೆ ಎನ್ನುವುದಾದರೆ ಎನ್ನು. ಇದರಿಂದ ಎಂಜಿನ್ನಿಗೇನು?

ಇನ್ನೊಂದು. ಮೊದಲೆಲ್ಲ ಟ್ಯಾಂಕಿನೊಳಗಿನ ನೀರು ಪಾಚಿ ಕಟ್ಟಿದಂತೆ ಹಸಿರಾಗಿರುತ್ತಿತ್ತು. ಈಗ ಪರವಾಗಿಲ್ಲ, ಅತಿಥಿಗೆ ಕೊಡಬಹುದು, ಅಷ್ಟು ತಿಳಿಯಾಗಿದೆ.

ಇಂತಿ,
ಲಾಂಚಿನ ಒಡತಿ

ಮಾರ್ಚ್ ೨೨

ಮಗಳಿಗೆ,

ಉತ್ತರ ಬಂದಿಲ್ಲ. ಹಡಗು ಯಾವ ಬಂದರಿನಲ್ಲಿದೆ ಎಂದು ನಿಮ್ಮ ಕಚೇರಿಯವರನ್ನು ಕೇಳಿದರೆ, ಪತ್ರ ತಲುಪಿದೆ, ಸಹಿ ಹಾಕಿ ತೆಗೆದುಕೊಂಡಿದ್ದಾರೆ ಎಂದರು.

ನನಗೆ ಮನೆಯಲ್ಲಿ ಕೂರಲಾಗುತ್ತಿಲ್ಲ. ಲಾಂಚು ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಕಿಟಕಿಗೆ ಹೋಗುತ್ತೇನೆ. ಎಂಜಿನ್ನಿನ ಸದ್ದು ಒಂದಿಷ್ಟು ಇಳಿದರೆ ಕೈಯಲ್ಲಿದ್ದ ಕೆಲಸ ಬೀಳುತ್ತದೆ. ನಾಲ್ಕು ಬೆರಳು ತುಂಬುತ್ತೇನೆ, ನಾಲ್ಕು ಬೆರಳು ಇಳಿಯುತ್ತದೆ. ನಿನ್ನೆಯಿಂದ ಆ ತಿಳಿನೀರಿಗೆ ಇಟ್ಟಿಗೆಯ ಬಣ್ಣ ಬರುತ್ತಿದೆ. ನಿನ್ನ ಮಾವ ತನ್ನ ಪೆಟ್ಟಿಗೆಗೆ ಹೊಸ ಹಗ್ಗ ತಂದಿಟ್ಟುಕೊಂಡಿದ್ದಾನೆ. ಊಟಕ್ಕೆ ಕರೆದರೆ ಬರುತ್ತಾನೆ, ತಿಂದು ತಟ್ಟೆ ತೊಳೆದಿಡುತ್ತಾನೆ, ನನ್ನ ತಟ್ಟೆಯನ್ನೂ ಸೇರಿಸಿ.

ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಬರಿ. ಅದೇನೂ ಅವಮಾನವಲ್ಲ.

ಇಂತಿ,
ಲಾಂಚಿನ ಒಡತಿ

ಮಾರ್ಚ್ ೩೦

ಅಮ್ಮ,

ಉತ್ತರ ಬರೆದೆ, ಹರಿದೆ, ಮತ್ತೆ ಬರೆದೆ. ಗೊತ್ತಿಲ್ಲದ್ದರಿಂದ ಅಲ್ಲ. ಒಬ್ಬರಿಗೆ ಹಿಂದೆ ಕೊಟ್ಟ ಮಾತು ಅಡ್ಡ ಬಂತು. ಅದನ್ನು ಮುರಿಯದೆ ಹೇಳಬಹುದಾದಷ್ಟು ಹೇಳುತ್ತೇನೆ.

ಈ ಪತ್ರ ಸಿಕ್ಕ ಮಾರನೇ ಬೆಳಿಗ್ಗೆ ಮುಚ್ಚಳ ತೆಗಿ. ನೀರು ನಾಲ್ಕು ಬೆರಳು ಕೆಳಗಿದ್ದರೆ ಇರಲಿ. ತುಂಬಬೇಡ. ಹಾಗೆಯೇ ಮುಚ್ಚಿ, ಯಾರೂ ತೆರೆಯದ ಹಾಗೆ ನಿನ್ನ ಕೈಯಿಂದಲೇ ಕಟ್ಟಿ ಮುದ್ರೆ ಹಾಕು. ಒಂದು ವಾರ ಲಾಂಚು ಎಂದಿನಂತೆ ಓಡಲಿ. ಆಮೇಲೆ ನೀನೇ ಬಿಚ್ಚಿ ನೋಡು.

ನೀನು ಒಪ್ಪುವುದಿಲ್ಲ ಎಂದು ಗೊತ್ತು. ಅದಕ್ಕೇ ಕೇಳುತ್ತೇನೆ: ಹಾಲಿನ ಪಾತ್ರೆಯನ್ನು ಕಂಠದವರೆಗೆ ತುಂಬಿ ಯಾವತ್ತಾದರೂ ಒಲೆಯ ಮೇಲಿಟ್ಟಿದ್ದೀಯಾ?

ಇಟ್ಟಿಗೆಯ ಬಣ್ಣ ಎಂದರೆ ಎಂಜಿನ್ ಒಳಗಿನಿಂದ ತುಕ್ಕು ಹಿಡಿಯುತ್ತಿದೆ. ಆ ಹಸಿರು ಪಾಚಿಯಲ್ಲ ಅಮ್ಮ, ಔಷಧಿ. ತುಕ್ಕು ಹಿಡಿಯದಿರಲೆಂದು ನೀರಿಗೆ ಬೆರೆಸುವುದು. ದಿನವೂ ಬರೀ ನೀರು ಹೊಯ್ದು ಹೊಯ್ದು ಅದು ಕೊಚ್ಚಿಹೋಗಿದೆ. ಇನ್ನೊಂದು ವರ್ಷ ಹೀಗೇ ನಡೆದರೆ ಆ ಹಿತ್ತಾಳೆಯ ಉರುಳೆ ನಿಜವಾಗಿಯೂ ಸೋರುತ್ತದೆ.

ಮಾವನನ್ನು ಕಳಿಸಬೇಡ. ಇದು ಎಂಜಿನಿಯರ್ ಆಡುವ ಮಾತಲ್ಲ.

ಇಂತಿ,
ಮಗಳು

ಏಪ್ರಿಲ್ ೧೬

ಮಗಳಿಗೆ,

ನಿನ್ನ ಮಾತು ಸುಳ್ಳೆಂದು ತೋರಿಸಲಿಕ್ಕಾಗಿಯೇ ಮಾಡಿದೆ.

ಮುಚ್ಚಳ ಹಾಕಿ, ಕೆಂಪು ದಾರದಲ್ಲಿ ಅಡ್ಡಡ್ಡ ಉದ್ದುದ್ದ ಬಿಗಿದು, ನನಗೆ ಮಾತ್ರ ಬರುವ ಗಂಟು ಹಾಕಿ, ಗಂಟಿನ ಮೇಲೆ ಮೇಣ ಬಿಟ್ಟೆ. ನಿನ್ನ ಮಾವ ಹಿಂದೆ ನಿಂತು ನೋಡುತ್ತಿದ್ದ.

“ಇದೇನಕ್ಕ, ಪಾರ್ಸೆಲ್ಲಾ?”

“ಹೌದು. ಯಾರ ವಿಳಾಸಕ್ಕೆ ಹೋಗತ್ತೆ ಅಂತ ವಾರ ಬಿಟ್ಟು ಗೊತ್ತಾಗತ್ತೆ.”

ಅವನ ಮುಖದಲ್ಲಿ ಒಂದು ಕ್ಷಣ ಏನೋ ಬಂದುಹೋಯಿತು. ಭಯ ಎಂದುಕೊಂಡೆ. ಈಗ ಯೋಚಿಸಿದರೆ ಅದು ಭಯವಲ್ಲ.

ಆ ವಾರ ನಾನು ಪಟ್ಟ ಪಾಡು ನಿನಗೆ ಹೇಳಿ ಪ್ರಯೋಜನವಿಲ್ಲ. ನೀರು ತುಂಬದೆ ಲಾಂಚು ಬಿಟ್ಟ ಮೊದಲ ಬೆಳಿಗ್ಗೆ ಬೆಂಚಿನಲ್ಲಿ ಕೂರಲಾಗಲಿಲ್ಲ. ಎದ್ದೆ, ಕೂತೆ, ಮತ್ತೆ ಎದ್ದೆ. ದಿನವೂ ಬರುವ ದರ್ಜಿ, “ಅಮ್ಮಾವ್ರೇ, ಬೆಂಚಲ್ಲಿ ಮೊಳೆ ಇದ್ಯಾ?” ಎಂದು ಕೇಳಿದ. ಕಾವಿನ ಮುಳ್ಳನ್ನು ನೋಡಲು ಅಷ್ಟು ಸಲ ಕೆಳಗಿಳಿದೆ. ಅದು ಇದ್ದಲ್ಲೇ ಇತ್ತು.

ವಾರ ಕಳೆದು ನಾನೇ ಬಿಚ್ಚಿದೆ. ಮೇಣ ಒಡೆದಿರಲಿಲ್ಲ, ಗಂಟು ನನ್ನದೇ. ನೀರು ನಾಲ್ಕು ಬೆರಳು ಕೆಳಗೆ, ಕಟ್ಟುವಾಗ ಎಲ್ಲಿತ್ತೋ ಅಲ್ಲೇ, ಕೂದಲೆಳೆಯಷ್ಟೂ ಇಳಿದಿರಲಿಲ್ಲ.

ಹಾಲಿನ ಪಾತ್ರೆಯ ಮಾತು ಅರ್ಥವಾಯಿತು. ಕಾದ ನೀರು ಉಬ್ಬುತ್ತದೆ, ಉಬ್ಬಲು ಜಾಗ ಬೇಕು, ಜಾಗ ಕೊಡದೆ ತುಂಬಿದರೆ ಮುಚ್ಚಳವನ್ನೆತ್ತಿ ಹೊರಗೆ ಹೋಗುತ್ತದೆ. ಕಂಠದ ಪಕ್ಕದಲ್ಲಿ ಒಂದು ಸಣ್ಣ ನಳಿಗೆ ಇದೆ, ಅದು ಲಾಂಚಿನ ಹೊರಮೈಗೆ ತೆರೆಯುತ್ತದೆ. ಅದಕ್ಕೇ ಕಾಗದ ಒದ್ದೆಯಾಗಲಿಲ್ಲ. ನಾನು ತುಂಬಿದ್ದನ್ನೇ ಎಂಜಿನ್ ದಿನವೂ ಉಗುಳುತ್ತಿತ್ತು. ಹೋಗುವಾಗ ಔಷಧಿಯನ್ನೂ ಒಂದಿಷ್ಟು ಸೇರಿಸಿಕೊಂಡು.

ಆದರೆ ನನ್ನನ್ನು ಅಷ್ಟು ಸುಲಭವಾಗಿ ಒಪ್ಪಿಸಬಹುದು ಎಂದುಕೊಳ್ಳಬೇಡ. ಇಷ್ಟು ವರ್ಷ ಇದೇ ಕೈ, ಇದೇ ಟ್ಯಾಂಕು, ಇದೇ ಕಂಠ. ಆಗೆಲ್ಲ ಬೆಳಿಗ್ಗೆ ನೋಡಿದರೆ ನೀರು ಒಂದು ಬೆರಳು ಇಳಿದಿರುತ್ತಿತ್ತು, ಅಷ್ಟೆ. ಆಗ ಉಕ್ಕದ ಹಾಲು ಈಗ ಏಕೆ ಉಕ್ಕಿತು? ನಾನು ಮೊದಲ ಟ್ರಿಪ್ಪಿಗೆ ಕೂರತೊಡಗಿದ್ದಕ್ಕೂ ಇದಕ್ಕೂ ಏನು ಸಂಬಂಧ? ನೀನು ಕೇಳಿದ ಪ್ರಶ್ನೆಯನ್ನೇ ನಾನು ನಿನಗೆ ತಿರುಗಿಸಿ ಕೇಳುತ್ತಿದ್ದೇನೆ. ಯಾರಿಗೆ ಏನು ಮಾತು ಕೊಟ್ಟಿದ್ದೀಯೋ ಅದನ್ನು ಮುರಿ. ಇದು ಅಪ್ಪಣೆ.

ತಪಾಸಣೆ ಹತ್ತಿರ ಬಂತು. ಬೂಟಿನವನು ಆ ದಿನವೇ ಬರುತ್ತಾನೆ.

ಇಂತಿ,
ಲಾಂಚಿನ ಒಡತಿ

ಏಪ್ರಿಲ್ ೨೪

ಅಮ್ಮ,

ಅಪ್ಪಣೆಯಾದ ಮೇಲೆ ಮುಗಿಯಿತು.

ನೀನು ನೀರು ತುಂಬಿಸಿ ಹಲಗೆ ದಾಟಿ ಜೆಟ್ಟಿಗೆ ಇಳಿದ ಮೇಲೆ, ನಿನ್ನ ಬೆನ್ನು ಟಿಕೆಟ್ ಗೂಡಿನ ಮೂಲೆಯಲ್ಲಿ ಮರೆಯಾಗುವವರೆಗೆ ಮಾವ ಕಾಯುತ್ತಿದ್ದ. ಆಮೇಲೆ ಒಂದು ರಬ್ಬರು ನಳಿಗೆಯನ್ನು ಟ್ಯಾಂಕಿನೊಳಗೆ ಬಿಟ್ಟು, ಬಾಯಿಂದ ಎಳೆದು, ನೀನು ತುಂಬಿದ್ದನ್ನು ತೆಗೆದುಬಿಡುತ್ತಿದ್ದ. ಎಂಜಿನ್ ಇನ್ನೂ ಶುರುವಾಗಿರುತ್ತಿರಲಿಲ್ಲವಾದ್ದರಿಂದ ಮೇಲಿನ ಬರೀ ನೀರು ಮಾತ್ರ ಬರುತ್ತಿತ್ತು, ಹಸಿರು ಕೆಳಗೇ ಉಳಿಯುತ್ತಿತ್ತು. ಸಂಜೆ ನೀನು ಬೀಗ ಹಾಕಲು ಬರುವ ಮೊದಲು ಮತ್ತೆ ಹೆಚ್ಚುಕಡಿಮೆ ಅಷ್ಟೇ ನೀರು ಹೊಯ್ದಿಡುತ್ತಿದ್ದ, ಬೆಳಿಗ್ಗೆ ನೀನು ಮುಚ್ಚಳ ತೆಗೆದಾಗ ಒಂದೇ ಬೆರಳು ಕಡಿಮೆ ಕಾಣಲಿ ಎಂದು. ಈಗ ನೀನು ಹಗ್ಗ ಬಿಚ್ಚುವವರೆಗೆ ಎಂಜಿನ್ ಕೋಣೆಯ ಬಾಗಿಲಲ್ಲೇ ಇರುತ್ತೀಯ, ಆಮೇಲೂ ಇಳಿಯುವುದಿಲ್ಲ. ಅವನು ನಳಿಗೆ ಹಾಕುವುದು ಯಾವಾಗ? ಬೆಳಿಗ್ಗೆ ತೆಗೆಯಲಾಗದ್ದನ್ನು ಸಂಜೆ ಹೊಯ್ದು ಪ್ರಯೋಜನವಿಲ್ಲವೆಂದು ಅದನ್ನೂ ಬಿಟ್ಟಿರಬೇಕು.

ನನಗೆ ಹೇಗೆ ಗೊತ್ತು ಎಂದರೆ, ಡಬ್ಬ ಹಿಡಿದುಕೊಳ್ಳುತ್ತಿದ್ದವಳು ನಾನು. ಶಾಲೆಗೆ ಹೋಗುವ ದಾರಿಯಲ್ಲಿ ಹಿಂದಿನ ಕಡೆಯಿಂದ ಹತ್ತಿ ಬರುತ್ತಿದ್ದೆ. ಒಮ್ಮೆ ಕೇಳಿದೆ, “ಅಮ್ಮಂಗೆ ಹೇಳ್ಬಿಡು ಮಾವ, ಇಷ್ಟು ತುಂಬಬಾರ್ದು ಅಂತ.” ಅವನು ಹೇಳಿದ್ದು ನನಗೆ ಇನ್ನೂ ನೆನಪಿದೆ. “ನಿಮ್ಮಪ್ಪ ಹೋದ ಮಾರನೇ ಬೆಳಿಗ್ಗೆ ಅಕ್ಕ ಬಂದು ಕೊಡ ಎತ್ಕೊಂಡು ತುಂಬಿದ್ಳು ಕಣೇ. ಕೈ ನಡುಗ್ತಾ ಇತ್ತು, ಒಂದು ಹನಿ ಚೆಲ್ಲಿಲ್ಲ. ಆವತ್ತು ಹೇಳ್ಬೇಕಿತ್ತು. ಆವತ್ತು ಹೇಳೋಕಾಗ್ಲಿಲ್ಲ. ಆಮೇಲೆ ಹೇಳಿದ್ರೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಂತಾಳೆ.” ಯಾರಿಗೂ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡ.

ನಾವಿಬ್ಬರೂ ನಿನಗೆ ಹೆದರಿದೆವು, ಅಮ್ಮ. ಅವನು ಉಳಿದುಕೊಂಡು ಹೆದರಿದ. ನಾನು ಹೊರಟುಹೋಗಿ.

ಇಂತಿ,
ನಿನ್ನ ಮಗಳು

ಮೇ ೮

ಮಗಳಿಗೆ,

ನಿನ್ನ ಪತ್ರವನ್ನು ಓದಿ ಮಡಚಿಟ್ಟು ನೇರ ಲಾಂಚಿಗೆ ಹೋದೆ. ನಿನ್ನ ಮಾವ ಹಗ್ಗ ಸುತ್ತುತ್ತಿದ್ದ.

“ಆ ರಬ್ಬರು ನಳಿಗೆ ಎಲ್ಲಿ?” ಎಂದೆ.

ಅವನು ಸುತ್ತುವುದನ್ನು ನಿಲ್ಲಿಸಿದ. ಆಮೇಲೆ ಮೆಲ್ಲಗೆ, “ಹೇಳ್ಬಿಟ್ಳಾ?” ಎಂದ.

“ನನ್ನ ಮೇಲೆ ಕನಿಕರ ಪಡೋಕೆ ನೀನ್ಯಾರೋ?”

“ಕನಿಕರ ಅಲ್ಲಕ್ಕ. ಹೆದರಿಕೆ.”

“ಕೆಲಸ ಹೋಗತ್ತೆ ಅಂದ್ರೂ ಬಾಯಿ ಬಿಡ್ಲಿಲ್ಲವಲ್ಲ!”

“ಕೆಲಸ ಇನ್ನೊಂದು ಲಾಂಚಲ್ಲಿ ಸಿಗತ್ತೆ. ನೀನು ದಿನಾ ಬೆಳಿಗ್ಗೆ ಏನ್ಮಾಡ್ತೀಯ ಅಂತ ಯೋಚ್ನೆ ಆಯ್ತು.”

ಅವನಿಗೆ ಒಂದು ಬಿಡಬೇಕೆನಿಸಿತು. ಬಿಡಲಿಲ್ಲ, ತಲೆ ನರೆತಿದೆ. “ಇಟ್ಟಿಗೆ ಬಣ್ಣದ ನೀರೆಲ್ಲ ಚೆಲ್ಲು, ತೊಳಿ, ನಿನ್ನ ಹಸಿರು ಹಾಕು. ಎಷ್ಟು ಬೇಕೋ ಅಷ್ಟೇ ಹಾಕು,” ಎಂದು ಹೇಳಿ ಮನೆಗೆ ಬಂದೆ. ಎರಡು ದಿನ ಅವನೊಡನೆ ಮಾತಾಡಲಿಲ್ಲ. ಅವನಿಗದು ಹೊಸದೇನಲ್ಲ, ನನಗೆ ಕಷ್ಟವಾಯಿತು. ಇಷ್ಟು ವರ್ಷ ನಾನು ಇಳಿದುಹೋಗುವುದನ್ನೇ ಕಾಯುತ್ತಾ ಒಬ್ಬ ಮನುಷ್ಯ ಬೆಳಗು ಕಳೆಯುತ್ತಿದ್ದ ಎಂಬುದು ಕೂತಲ್ಲಿ ನಿಂತಲ್ಲಿ ಚುಚ್ಚುತ್ತಿತ್ತು. ನನ್ನ ಬೆನ್ನು ಎಷ್ಟು ಹೊತ್ತಿಗೆ ಮರೆಯಾಗುತ್ತದೆ ಎಂಬುದು ನನ್ನ ಮನೆಯವರಿಗೆಲ್ಲ ಗೊತ್ತು, ನನಗೊಬ್ಬಳಿಗೆ ಬಿಟ್ಟು.

ತಪಾಸಣೆ ಆಯಿತು. ಅಧಿಕಾರಿ ಮುಚ್ಚಳ ತೆಗೆದು ನೋಡಿ, “ನೀರು ಸರಿಯಾದ ಮಟ್ಟದಲ್ಲಿದೆ,” ಎಂದು ಬರೆದುಕೊಂಡರು. ಪರವಾನಗಿ ಕೊಟ್ಟರು.

ಅಷ್ಟರಲ್ಲಿ ಬೂಟಿನವನು ಬಂದು ನಿಂತಿದ್ದ. ಸಂಘದವರೂ ಸೇರಿದ್ದರು, ಯಾರು ಇಳಿಯುತ್ತಾರೆ ಯಾರು ಹತ್ತುತ್ತಾರೆ ನೋಡಲು. ನಿನ್ನ ಮಾವನ ಪೆಟ್ಟಿಗೆ ಜೆಟ್ಟಿಯ ಮೇಲೆ ಹೊಸ ಹಗ್ಗದಲ್ಲಿ ಕಟ್ಟಿ ಕೂತಿತ್ತು. ಹೋಗಬೇಡವೆಂದು ನಾನು ಹೇಳಿರಲಿಲ್ಲ, ಅವನು ಕೇಳಿರಲಿಲ್ಲ. ಪಕ್ಕದ ಮೆಟ್ಟಿಲಿನ ಲಾಂಚಿನವನು ಹಾಡು ನಿಲ್ಲಿಸಿ ಕಿವಿಗೊಟ್ಟಿದ್ದ.

ನಾನು ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ. ಅದು ನಿನಗೂ ಗೊತ್ತು, ಅದರಿಂದಲೇ ನೀನು ಹಡಗು ಹತ್ತಿದ್ದು.

“ನೀರು ಕಳೀತಿದ್ದವರು ಈ ಎಂಜಿನ್ ಕೋಣೆಗೆ ಕಾಲಿಡೋ ಹಾಗಿಲ್ಲ ಅಂತ ಹೇಳಿದ್ದೆ,” ಎಂದೆ. “ಯಾರು ಅಂತ ಗೊತ್ತಾಯ್ತು. ನಾನು.”

ನಿನ್ನ ಮಾವ ಹತ್ತಿರ ಬಂದು ಪಿಸುಗುಟ್ಟಿದ, “ಅಕ್ಕ, ಸುಮ್ನಿರು.”

“ಇಷ್ಟು ವರ್ಷ ಸುಮ್ನಿದ್ದವನು ನೀನು. ನಂಗೆ ಹೇಳ್ಕೊಡ್ಬೇಡ. ಕೈ ಚಾಚು.”

ಸೊಂಟದಿಂದ ಕೀಲಿ ಬಿಚ್ಚಿ ಅವನ ಅಂಗೈಯಲ್ಲಿ ಇಟ್ಟೆ. ಆಮೇಲೆ ಟಿಕೆಟ್ ಗೂಡಿಗೆ ಹೋಗಿ ಟಿಕೆಟ್ ಕೊಂಡೆ. ಗೂಡಿನವನು, “ನಿಮಗ್ಯಾಕಮ್ಮ ಟಿಕೆಟ್ಟು?” ಎಂದ. “ಕೊಡೋದಿದ್ರೆ ಕೊಡು, ಇಲ್ಲಾಂದ್ರೆ ಆ ಕಡೆ ಲಾಂಚಿಗೆ ಹೋಗ್ತೀನಿ,” ಎಂದೆ. ಕೊಟ್ಟ. ಮುಂದಿನ ಬೆಂಚಿನಲ್ಲಿ ಕೂತೆ. ಬೂಟಿನವನಿಗೆ ಬಂದುಹೋದ ಖರ್ಚು ಕೊಡಿಸಿದ್ದೇನೆ. ಪೆಟ್ಟಿಗೆಯನ್ನು ದರ್ಜಿಯೇ ಹೊತ್ತುಕೊಂಡು ಹೋಗಿ ಮನೆಯಲ್ಲಿ ಇಟ್ಟು ಬಂದ.

ಬೆಳಿಗ್ಗೆ ಎದ್ದ ತಕ್ಷಣ ಕೈ ಇನ್ನೂ ಸೊಂಟಕ್ಕೆ ಹೋಗುತ್ತದೆ. ಏನೂ ಸಿಗದೆ ಹಿಂದಕ್ಕೆ ಬರುತ್ತದೆ. ಕೊಡವನ್ನು ಮಗುಚಿಟ್ಟಿದ್ದೇನೆ.

ನಿನಗೆ ರಜೆ ಯಾವಾಗ ಎಂದು ಕೇಳುತ್ತಿಲ್ಲ. ಬಂದರೆ, ಎಂಜಿನ್ ನೋಡಬೇಕೆನಿಸಿದರೆ, ಕೀಲಿ ನಿನ್ನ ಮಾವನ ಹತ್ತಿರ ಇದೆ. ಅವನನ್ನು ಕೇಳು. ನನ್ನನ್ನು ಕೇಳಬೇಕಾಗಿಲ್ಲ.

ಇಂತಿ,
ಅಮ್ಮ